ಡೂಕನ ಹಲಗೆ

ಎಲ್ಲಕ್ಕೂ ಕಾರಣ ಕ್ಷೌರದಂಗಡಿಯಲ್ಲಿ ಬಿದ್ದಿದ್ದ ಒಂದು ಹಳೆಯ ಇಂಗ್ಲಿಷ್ ಮ್ಯಾಗಜಿನ್ನು. ಪಾಂಡವಪುರದ ಹೈಸ್ಕೂಲೊಂದರಲ್ಲಿ ಗುಮಾಸ್ತನಾಗಿದ್ದ ಚಿಕ್ಕಸ್ವಾಮಿ ತನ್ನ ಸರದಿಗೆ ಕಾಯುತ್ತ ಅದರ ಹಾಳೆ ತಿರುವುತ್ತಿದ್ದಾಗ ಒಂದು ಚಿತ್ರ ಕಣ್ಣಿಗೆ ಬಿತ್ತು. ಯಾವುದೋ ದೇಶದ ಭಾರೀ ನಾಯಿಯೊಂದು, ನೆಲದಿಂದ ಕಾರಿನ ಡಿಕ್ಕಿಗೆ ಓರೆಯಾಗಿ ಇಟ್ಟ ಹಲಗೆಯ ಮೇಲೆ, ಮಾವನ ಮನೆಗೆ ಬಂದ ಹೊಸ ಅಳಿಯನ ಗತ್ತಿನಲ್ಲಿ ನಡೆದು ಹೋಗುತ್ತಿತ್ತು. ಪಕ್ಕದ ಚಿತ್ರದಲ್ಲಿ ಒಬ್ಬ ಹೆಂಗಸು ಅದೇ ಹಲಗೆಯನ್ನು ನಡುವಿಗೆ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ನಗುತ್ತಿದ್ದಳು. ಚಿಕ್ಕಸ್ವಾಮಿ ಆ ಹಾಳೆಯನ್ನು ಅಂಗಡಿಯವನಿಂದ ಕೇಳಿ ಪಡೆದು, ಕ್ಷೌರವನ್ನೂ ಮರೆತು, ಸೀದಾ ಬಡಗಿ ಚಲುವಯ್ಯನ ಮನೆಗೆ ನಡೆದ.

ಅವನ ಅವಸರಕ್ಕೆ ಅರ್ಥವಿತ್ತು. ನಾಲೆಯ ಕೆಲಸಕ್ಕೆ ಬಂದಿದ್ದ ಎಂಜಿನಿಯರೊಬ್ಬರು ವರ್ಗವಾಗಿ ಹೋಗುವಾಗ ತಮ್ಮ ಗ್ರೇಟ್ ಡೇನ್ ನಾಯಿಯನ್ನು ಅವನಿಗೆ ಒಪ್ಪಿಸಿ ಹೋಗಿದ್ದರು. ಅವರು ಇಟ್ಟ ಹೆಸರು ಡ್ಯೂಕ್. ಬೀದಿಯವರ ಬಾಯಲ್ಲಿ ಅದು ಡೂಕನಾಯಿತು. ನಿಂತರೆ ಕರುವಿನಷ್ಟು ಎತ್ತರ, ಮಲಗಿದರೆ ಅರ್ಧ ನಡುಮನೆ. ಈಗ ಡೂಕನಿಗೆ ವಯಸ್ಸಾಗಿ, ಹಿಂಗಾಲುಗಳ ಕೀಲು ಹಿಡಿದು, ಜಗಲಿಯ ಮೆಟ್ಟಿಲು ಕೂಡ ಬೆಟ್ಟವಾಗಿತ್ತು. ಬೆಳಿಗ್ಗೆ ಅದನ್ನು ತಬ್ಬಿ ಇಳಿಸುವುದು, ಸಂಜೆ ತಬ್ಬಿ ಹತ್ತಿಸುವುದು ಚಿಕ್ಕಸ್ವಾಮಿಯ ಪಾಲಿಗೆ ಬಂದಿತ್ತು. ಹಾಗೆ ಎತ್ತಿ ಎತ್ತಿ ಅವನ ಸೊಂಟ ಗಾಣದ ಹಾಗೆ ಕಿರುಗುಟ್ಟತೊಡಗಿತ್ತು.

"ಇನ್ನೊಂದ್ಸಲ ಅದ್ನ ಎತ್ತುದ್ರೆ, ನಿಮ್ಮನ್ನ ಎತ್ತೋಕೆ ನಾನು ಆಳು ಕರೀಬೇಕಾಯ್ತದೆ" ಎಂದು ಹೆಂಡತಿ ಯಶೋಧ ಎಚ್ಚರಿಸಿದ್ದಳು. ಬಿಂಡಿಗನವಿಲೆ ಕಡೆ ಕುರಿ ಸಾಕುವವರಿಗೆ ಕೊಟ್ಟುಬಿಡು ಎಂದು ಬೀದಿಯವರು ಹೇಳಿದ್ದರು. ಆದರೆ ಚಿಕ್ಕಸ್ವಾಮಿಗೆ ಟೈಫಾಯಿಡ್ ಬಂದಿದ್ದಾಗ ಈ ಪ್ರಾಣಿ ಅನ್ನ ಬಿಟ್ಟು ಮಂಚದ ಪಕ್ಕದಲ್ಲೇ ಕೂತಿತ್ತು. ಅಂಥದನ್ನು ಬಿಟ್ಟುಬರಲು ಅವನ ಮನಸ್ಸು ಒಪ್ಪಲಿಲ್ಲ. ಶ್ರೀರಂಗಪಟ್ಟಣದ ಪಶು ಆಸ್ಪತ್ರೆಗೆ ನಾಯಿಗಳ ಕೀಲುನೋವು ಬಲ್ಲ ಹೊಸ ಡಾಕ್ಟರು ಬಂದಿದ್ದಾರೆ ಎಂದು ಕೇಳಿ, ಗೆಳೆಯ ದೇವರಾಜುವಿನ ಮೆಟಡೋರ್ ವ್ಯಾನನ್ನು ಒಮ್ಮೆ ಕರೆಸಿಯೂ ಇದ್ದ. ಅವತ್ತು ನಾಯಿಯನ್ನು ವ್ಯಾನಿಗೆ ಹತ್ತಿಸಲು ಹೋಗಿ ಇಬ್ಬರೂ ಚರಂಡಿಗೆ ಉರುಳಿದ್ದರು.

ಚಲುವಯ್ಯ ಚಿತ್ರವನ್ನು ತಲೆಕೆಳಗಾಗಿ ಹಿಡಿದು ನೋಡಿ, "ಇದ್ರಲ್ಲೇನೈತೆ ಬುಡು" ಎಂದ. ಬೇವಿನ ಹಲಗೆ ಎರಡು ತುಂಡು, ನಡುವೆ ಬಾಗಿಲಿಗೆ ಹಾಕುವ ಕೀಲು, ಕಾಲು ಜಾರದ ಹಾಗೆ ಮೇಲೆ ತೆಂಗಿನ ನಾರಿನ ಚಾಪೆ. ಒಂದು ಬೆಳಿಗ್ಗೆ ಅದನ್ನು ಹೆಗಲ ಮೇಲೆ ಹೊತ್ತು ತಂದು ಚಿಕ್ಕಸ್ವಾಮಿಯ ಮನೆ ಮುಂದೆ ಬಿಚ್ಚಿ, ಅದರ ಮೇಲೆ ತಾನೇ ಎರಡು ಸಲ ಕುಣಿದು ತೋರಿಸಿದ.

"ಆನೆ ಹತ್ತುದ್ರೂ ಅಲ್ಲಾಡಾಕಿಲ್ಲ."

ಚಿಕ್ಕಸ್ವಾಮಿ ಆವತ್ತು ಹೊಟ್ಟೆನೋವೆಂದು ಸ್ಕೂಲಿಗೆ ಹೇಳಿ ಕಳಿಸಿದ್ದ. ದೇವರಾಜು ವ್ಯಾನನ್ನು ಹಿಮ್ಮುಖವಾಗಿ ತಂದು ನಿಲ್ಲಿಸಿ ಹಿಂದಿನ ಬಾಗಿಲು ತೆಗೆದ. ಹಲಗೆಯ ಒಂದು ತುದಿ ವ್ಯಾನಿನ ಮೇಲೆ, ಇನ್ನೊಂದು ನೆಲದ ಮೇಲೆ. ನೋಡಲು ಬೀದಿಯೇ ನೆರೆಯಿತು. ಡೂಕ ಹಲಗೆಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಮೂಸಿ, ಹಿಂಗಾಲನ್ನು ಕಷ್ಟಪಟ್ಟು ಒಂದಿಷ್ಟು ಎತ್ತಿ, ಹೊಸ ಚಾಪೆಯನ್ನು ಒದ್ದೆ ಮಾಡಿತು. ಆಮೇಲೆ ತನ್ನ ಕೆಲಸ ಮುಗಿಯಿತೆಂಬಂತೆ ಪಕ್ಕಕ್ಕೆ ಹೋಗಿ ಕೂತಿತು.

"ಪೂಜೆ ಆಯ್ತಲ್ಲ, ಇನ್ ಹತ್ತುಸ್ಲಾ" ಎಂದ ದೇವರಾಜು.

ಚಿಕ್ಕಸ್ವಾಮಿ ಕರೆದ, ಗೋಗರೆದ, ಕತ್ತಿನ ಪಟ್ಟಿ ಹಿಡಿದು ಎಳೆದ. ಡೂಕ ನೆಟ್ಟ ಕಲ್ಲಿನ ಹಾಗೆ ಕೂತೇ ಇತ್ತು. ಎದುರುಮನೆಯ ಬೆಟ್ಟಮ್ಮನಿಗೆ ಇದನ್ನು ನೋಡಿ ತಡೆಯಲಾಗಲಿಲ್ಲ. ಆಕೆ ಬೀದಿಯ ಯಾವ ಮದುವೆಯನ್ನೂ ಯಾವ ಜಗಳವನ್ನೂ ತನ್ನ ಸಲಹೆಯಿಲ್ಲದೆ ಮುಗಿಯಲು ಬಿಟ್ಟವಳಲ್ಲ.

"ಅಂಗೆ ಎಳುದ್ರೆ ಬಂದದೇನಪ್ಪ? ಆಸೆ ತೋರುಸ್ಬೇಕು" ಎಂದು ಒಳಗೆ ಹೋಗಿ, ರಾತ್ರಿ ಉಳಿದಿದ್ದ ಕೋಳಿಸಾರಿನ ತುಂಡುಗಳನ್ನು ತಂದು ಹಲಗೆಯ ಉದ್ದಕ್ಕೂ ಇಟ್ಟಳು. ಡೂಕನ ಮೂಗು ಅರಳಿತು. ಎದ್ದು ಬಂದು, ನಾಲ್ಕು ಕಾಲನ್ನೂ ನೆಲದ ಮೇಲೇ ಇಟ್ಟುಕೊಂಡು, ಒಂಟೆಯಂಥ ಕತ್ತನ್ನು ಪಕ್ಕದಿಂದ ಚಾಚಿ, ಕೆಳಗಿನಿಂದ ಮೇಲಿನ ತನಕ ಒಂದೊಂದಾಗಿ ಎಲ್ಲವನ್ನೂ ತಿಂದು ಮುಗಿಸಿ ಮತ್ತೆ ಹೋಗಿ ಕೂತಿತು.

"ಬುದ್ಧಿವಂತ ಕಣ್ಲಾ ನಿನ್ ನಾಯಿ. ನಿನ್ಗಿಂತ" ಎಂದ ದೇವರಾಜು.

ಬೆಟ್ಟಮ್ಮನಿಗೆ ಅವಮಾನವಾಯಿತು. "ಅದ್ಕೆ ಭಯ ಕಣಪ್ಪ. ಗಟ್ಟಿಯಾಗೈತೆ ಅಂತ ಗೊತ್ತಾಗ್ಬೇಕು" ಎಂದು ಸೆರಗು ಸಿಕ್ಕಿಸಿ ತಾನೇ ಹಲಗೆಯ ಮೇಲೆ ಕಾಲಿಟ್ಟಳು. ಮಂಡಿನೋವಿನಿಂದ ಬಸ್ಸು ಹತ್ತುವುದನ್ನೇ ಬಿಟ್ಟಿದ್ದ ಹೆಂಗಸು ನಾಲ್ಕು ಹೆಜ್ಜೆಯಲ್ಲಿ ವ್ಯಾನಿನೊಳಗಿದ್ದಳು. ಅಲ್ಲಿ ಒಂದು ಗಳಿಗೆ ತನ್ನ ಮಂಡಿಗಳನ್ನೇ ನಂಬಲಾರದೆ ಸವರಿಕೊಂಡು ನಿಂತಳು. ಆಮೇಲೆ ಸೀಟಿನ ಮೇಲೆ ಚಕ್ಕಂಬಕ್ಕಳ ಹಾಕಿ ಕೂತು, "ಎಂಗೂ ಹತ್ತಿದ್ದೀನಿ. ನಾನೂ ಪಟ್ಣಕ್ಕೆ ಬತ್ತೀನಿ. ರಂಗನಾಥನ್ನ ನೋಡಿ ಬೋ ದಿನ ಆಯ್ತು" ಎಂದಳು. ಇಳಿಯಿರಿ ಎಂದು ಯಾರು ಹೇಳಿದರೂ ಆಕೆಗೆ ಕೇಳಿಸಲಿಲ್ಲ.

"ಹೆಂಗ್ಸು ನಡ್ಕೊಂಡು ಹತ್ತುದ್ರೆ ನಾಯ್ಗೇನ್ ಅರ್ಥ ಆಯ್ತದೆ?" ಎಂದ ದೇವರಾಜು ಗಡ್ಡ ಕೆರೆದುಕೊಳ್ಳುತ್ತ. "ನಾಲ್ಕು ಕಾಲಲ್ಲಿ ಹತ್ತಿ ತೋರುಸ್ಬೇಕು. ನೀನೇ ತೋರ್ಸ್ಲಾ ಚಿಕ್ಕ. ನಿನ್ನ ನೋಡಿ ಕಲ್ತ್ಕತದೆ."

ಯಶೋಧ ಬಾಗಿಲಲ್ಲಿ ನಿಂತು, "ಬ್ಯಾಡ ಕಣ್ರೀ, ಸೊಂಟ" ಎಂದಳು. ಆದರೆ ಬೀದಿಯೆಲ್ಲ ಹೌದು ಹೌದು ಎನ್ನುತ್ತಿತ್ತು. ಚಿಕ್ಕಸ್ವಾಮಿ ಪಂಚೆಯನ್ನು ಎತ್ತಿ ಕಟ್ಟಿ, ಕೈ ಮಂಡಿ ಊರಿ, ಡೂಕನ ಕಡೆ ತಿರುಗಿ ತಿರುಗಿ ನೋಡುತ್ತ, "ನೋಡು, ಇಂಗೆ, ಇಂಗೆ" ಎನ್ನುತ್ತ ಹತ್ತತೊಡಗಿದ. ಡೂಕ ತಲೆ ಓರೆ ಮಾಡಿ ಬಹಳ ಆಸಕ್ತಿಯಿಂದ ನೋಡಿತು.

ಅರ್ಧ ದಾರಿಯಲ್ಲಿರುವಾಗ ಹಿಂದೆ ಲೂನಾ ಗಾಡಿಯ ಸದ್ದು ನಿಂತಿತು.

"ಚಿಕ್ಕಸ್ವಾಮಿಗಳಾ ಅದು?"

ಆ ದನಿ ಹೆಡ್‌ಮಾಸ್ಟರರದು. ಚಿಕ್ಕಸ್ವಾಮಿ ಎರಡು ತೋಳಿನ ಸಂದಿಯಿಂದ ಹಿಂದಕ್ಕೆ ನೋಡಿದ. ಅವರು ತಲೆಕೆಳಗಾಗಿ ಕಂಡರು.

"ಹೊಟ್ಟೆನೋವು ಅಂತ ಹೇಳಿ ಕಳ್ಸಿದ್ರಂತೆ?"

"ಹೌದು ಸಾರ್" ಎಂದ ಚಿಕ್ಕಸ್ವಾಮಿ ಇದ್ದ ಭಂಗಿಯಲ್ಲೇ. "ಇಂಗಿದ್ರೆ ಒಸಿ ವಾಸಿ ಸಾರ್."

"ವ್ಯಾನಿಗೆ ಯಾಕೆ ಹತ್ತುತ್ತಿದ್ದೀರಿ?"

"ಆಸ್ಪತ್ರೆಗೆ ಸಾರ್."

ಹೆಡ್‌ಮಾಸ್ಟರರು ನಾಯಿಯನ್ನು ನೋಡಿದರು, ಹಲಗೆಯನ್ನು ನೋಡಿದರು, ಒಳಗೆ ತಾಂಬೂಲ ಮೆಲ್ಲುತ್ತ ಕೂತಿದ್ದ ಬೆಟ್ಟಮ್ಮನನ್ನು ನೋಡಿದರು. "ಹುಷಾರಾಗಿ ಬನ್ನಿ. ಬಂದ್ಮೇಲೆ ಮಾತಾಡೋಣ" ಎಂದು ಹೊರಟುಹೋದರು. ಆ ಕೊನೆಯ ಮಾತು ಕೇಳಿ ಗಾಬರಿಯಾದ ಚಿಕ್ಕಸ್ವಾಮಿ ಉಳಿದ ಹಲಗೆಯನ್ನು ಒಂದೇ ನೆಗೆತಕ್ಕೆ ದಾಟಿ ವ್ಯಾನಿನೊಳಗೆ ಬಿದ್ದ. ಬಿದ್ದ ರಭಸಕ್ಕೆ ಸೊಂಟದಲ್ಲಿ ಒಣ ಕಡ್ಡಿ ಮುರಿದ ಸದ್ದು ಬಂತು. "ಅಯ್ಯಪ್ಪಾ, ಸತ್ತೆ" ಎಂದು ಅವನು ಕೂಗಿದ್ದು ರೈಲ್ವೆ ಸ್ಟೇಷನ್ನಿನ ತನಕ ಕೇಳಿಸಿತೆಂದು ಆಮೇಲೆ ಬೆಟ್ಟಮ್ಮ ಹೇಳುತ್ತಿದ್ದಳು.

ಆ ಕೂಗು ಕೇಳಿ ಡೂಕ ಎದ್ದಿತು. ಯಾರೂ ಕರೆಯಲಿಲ್ಲ, ಯಾರೂ ಏನೂ ತೋರಿಸಲಿಲ್ಲ. ನಡುಗುವ ಹಿಂಗಾಲುಗಳನ್ನು ಒಂದೊಂದಾಗಿ ಇಡುತ್ತ, ನಿಂತು ಸುಧಾರಿಸಿಕೊಳ್ಳುತ್ತ ಹಲಗೆ ಹತ್ತಿ ಬಂದು, ಬೋರಲಾಗಿ ಬಿದ್ದಿದ್ದ ಯಜಮಾನನ ಕಿವಿಯನ್ನು ನೆಕ್ಕಿತು. ಬೀದಿಯೆಲ್ಲ ಚಪ್ಪಾಳೆ ತಟ್ಟಿತು. ಯಶೋಧ ಸೆರಗಿನಿಂದ ಕಣ್ಣೊರೆಸಿಕೊಂಡಳು. ಚಿಕ್ಕಸ್ವಾಮಿಯ ಕಣ್ಣಲ್ಲೂ ನೀರಿತ್ತು. ಅದು ನಾಯಿಯ ಪ್ರೀತಿಗೆ ಬಂದದ್ದೋ ಸೊಂಟದ ನೋವಿಗೆ ಬಂದದ್ದೋ ಅವನಿಗೇ ತಿಳಿಯಲಿಲ್ಲ. ಅವನನ್ನು ಇಳಿಸೋಣವೆಂದರೆ ಡೂಕ ಬಾಗಿಲಿಗೆ ಅಡ್ಡವಾಗಿ ಮಲಗಿಬಿಟ್ಟಿತ್ತು. ಹತ್ತಿದ ನಾಯಿ ಮತ್ತೆ ಇಳಿದರೆ ಕಷ್ಟವೆಂದು ದೇವರಾಜು ಹಲಗೆ ಮಡಚಿ ಒಳಗೆ ತಳ್ಳಿ ಗಾಡಿ ಬಿಟ್ಟ.

ಬಾಬುರಾಯನಕೊಪ್ಪಲು ದಾಟುವವರೆಗೆ ರಸ್ತೆಯಲ್ಲಿ ಎಷ್ಟು ಗುಂಡಿಗಳಿದ್ದವೋ ಅಷ್ಟೂ ಚಿಕ್ಕಸ್ವಾಮಿಯ ಸೊಂಟಕ್ಕೆ ಪರಿಚಯವಾದವು. ಪಶು ಆಸ್ಪತ್ರೆಯ ಮುಂದೆ ಡೂಕ ಹಲಗೆ ಇಳಿದು ತಾನಾಗಿಯೇ ಒಳಗೆ ಹೋಯಿತು. ಡಾಕ್ಟರು ಕೀಲು ಒತ್ತಿ ನೋಡಿ, ಇಂಜೆಕ್ಷನ್ ಕೊಟ್ಟು, "ಯಾರೂ ಎತ್ತಿ ಹಾಕಬೇಡಿ, ಹಾರೋಕೂ ಬಿಡಬೇಡಿ. ಹತ್ತೋಕೆ ಇಳಿಯೋಕೆ ಹಲಗೆ ಇದ್ರೆ ಇದು ಇನ್ನೂ ಚೆನ್ನಾಗಿ ಬದುಕುತ್ತೆ. ಒಳ್ಳೆ ಉಪಾಯ ಮಾಡಿದ್ದೀರಿ. ಯಜಮಾನರೆಲ್ಲಿ?" ಎಂದರು.

"ವ್ಯಾನಲ್ಲವ್ರೆ. ಅವ್ರಿಗೂ ಇದೇ ಕಾಯಿಲೆ" ಎಂದಳು ಬೆಟ್ಟಮ್ಮ. "ಅದೇ ಸೂಜಿಲಿ ಒಸಿ ಉಳ್ದಿದ್ರೆ ಅವ್ರಿಗೂ ಚುಚ್ಬುಡಿ ಸ್ವಾಮಿ."

ಡಾಕ್ಟರು ನಕ್ಕು, ಎದುರಿನ ಬೀದಿಯಲ್ಲಿ ಮನುಷ್ಯರ ಡಾಕ್ಟರೊಬ್ಬರು ಇದ್ದಾರೆಂದು ತೋರಿಸಿದರು. ಆ ಡಾಕ್ಟರು ವ್ಯಾನಿನೊಳಕ್ಕೇ ಬಗ್ಗಿ ಚಿಕ್ಕಸ್ವಾಮಿಯ ಬೆನ್ನು ಒತ್ತಿದರು, ಅವನು ಕೂಗಿದ. ಇನ್ನೊಂದು ಕಡೆ ಒತ್ತಿದರು, ಇನ್ನೂ ಜೋರಾಗಿ ಕೂಗಿದ.

"ನೋವು ಹೋಗೋ ತನಕ ಹಾಸಿಗೆ ಬೇಡ, ಬರೀ ನೆಲಾನೂ ಬೇಡ. ಹಲಗೆ ಮೇಲೆ ನೆಟ್ಟಗೆ ಮಲಗಬೇಕು. ಮನೇಲಿ ಹಲಗೆ ಇದೆಯಾ?"

"ಐತೆ ಸಾರ್" ಎಂದ ದೇವರಾಜು ಉತ್ಸಾಹದಿಂದ. "ಆನೆ ಹತ್ತುದ್ರೂ ಅಲ್ಲಾಡಾಕಿಲ್ಲ."

ಸಂಜೆಗೆ ಮುಂಚೆ ವ್ಯಾನು ಮನೆಗೆ ಬಂತು. ದೇವರಾಜು ಚಲುವಯ್ಯನನ್ನು ಕೂಗಿ ಕರೆದ. ಮೊದಲು ಹಲಗೆಯನ್ನೇ ಡೋಲಿ ಮಾಡಿ ಇಬ್ಬರೂ ಚಿಕ್ಕಸ್ವಾಮಿಯನ್ನು ನಡುಮನೆಗೆ ಹೊತ್ತು ತಂದರು. ಅವನು ಅಂಗಾತ ಮಲಗಿ ಉಸ್ಸೆಂದ. ಬೆಳಗಿನಿಂದ ಮೊದಲ ಸಲ ಸೊಂಟಕ್ಕೆ ಸುಖವಾಗಿತ್ತು. ಅಷ್ಟರಲ್ಲಿ ವ್ಯಾನಿನೊಳಗಿಂದ ಡೂಕ ಊಳಿಟ್ಟಿತು. ಆಮೇಲೆ ಬೆಟ್ಟಮ್ಮನೂ ಕೂಗಿದಳು. ಹಲಗೆಯಿಲ್ಲದೆ ಇಬ್ಬರೂ ಇಳಿಯುವಂತಿರಲಿಲ್ಲ.

ಅವನನ್ನು ಮೆಲ್ಲಗೆ ನೆಲಕ್ಕೆ ಉರುಳಿಸಿ ಹಲಗೆ ತೆಗೆದುಕೊಂಡು ಹೋದರು. ಬೆಟ್ಟಮ್ಮ ಇಳಿದಳು, ಡೂಕ ಇಳಿಯಿತು. ಹಲಗೆಯನ್ನು ಜಗಲಿಯ ಮೆಟ್ಟಿಲಿಗೆ ಹಾಕಿದರು. ಡೂಕ ಹತ್ತಿ ಒಳಗೆ ಬಂತು. ಎಲ್ಲರಿಗೂ ಸಂತೋಷವಾಯಿತು. ದೇವರಾಜು, ಚಲುವಯ್ಯ ಹಲಗೆಯನ್ನು ಮತ್ತೆ ಒಳಗೆ ತಂದು ಚಿಕ್ಕಸ್ವಾಮಿಯ ಪಕ್ಕದಲ್ಲಿ ಬಿಚ್ಚಿ ಹಾಸಿ, ಅವನ ತಲೆಯ ಕಡೆ ಒಬ್ಬ, ಕಾಲಿನ ಕಡೆ ಒಬ್ಬ ಬಗ್ಗಿದರು. ಅವರು ಬಗ್ಗಿ ಏಳುವಷ್ಟರಲ್ಲಿ ಡೂಕ ಹಲಗೆಯ ಮೇಲೆ ಬಂದು, ಒಂದು ಸುತ್ತು ತಿರುಗಿ, ನೀಳವಾಗಿ ಮಲಗಿ, ಕಣ್ಣು ಮುಚ್ಚಿತು.

"ಏಯ್ ಡೂಕ, ಏಳು" ಎಂದ ದೇವರಾಜು. ಎಳೆಯಲು ನೋಡಿದ. ಕೀಲು ನೊಂದು ನಾಯಿ ಎಂಥ ಸಣ್ಣ ದನಿಯಲ್ಲಿ ಕುಂಯ್ ಎಂದಿತೆಂದರೆ ಅವನೇ ಕೈ ಬಿಟ್ಟ.

"ಎಳೀಬ್ಯಾಡ ಕಣ್ಲಾ, ಪಾಪ, ಡಾಕ್ಟ್ರು ಏನೇಳುದ್ರು?" ಎಂದಳು ಬೆಟ್ಟಮ್ಮ.

"ಇನ್ನೊಂದು ಮಾಡ್ಕೊಡು ಚಲುವಣ್ಣ" ಎಂದ ಚಿಕ್ಕಸ್ವಾಮಿ ನೆಲದಿಂದ.

"ಮಾಡ್ತೀನಿ ಬುಡು. ಇವತ್ತಿಂದ ಶುರು ಮಾಡಿದ್ರೂ ಬೆಟ್ಟವ್ವಂದು ಮೊದ್ಲು ಆಗ್ಬೇಕು. ಬಸ್ಸಿಗೆ ಹತ್ತೋಕೆ ಬೇಕಂತೆ, ವ್ಯಾನಿಂದ ಇಳೀತಿದ್ದಂಗೇ ಹೇಳ್ಬುಟ್ಟವ್ಳೆ."

ಚಿಕ್ಕಸ್ವಾಮಿ ಯಾರನ್ನೂ ಬೈಯಲಿಲ್ಲ. ಕೈ ಚಾಚಿದರೆ ಡೂಕನ ಕಿವಿ ಸಿಗುತ್ತಿತ್ತು, ಅದನ್ನು ಸವರಿದ. ಯಶೋಧ ಇಬ್ಬರನ್ನೂ ಒಮ್ಮೆ ನೋಡಿ, ಮೂಲೆಯಲ್ಲಿದ್ದ ನಾಯಿಯ ಗೋಣಿಚೀಲವನ್ನು ಹೊರಗೆ ಒಯ್ದು ಚೆನ್ನಾಗಿ ಒದರಿ ತಂದು, ಗಂಡನ ಪಕ್ಕದಲ್ಲಿ ಹಾಸಿದಳು.

"ಒಸಿ ಇತ್ಲಾಗೆ ಉರುಳಿ" ಎಂದಳು. "ನೆಲ ಥಂಡಿ."