ಚೀಲದ ಮೇಷ್ಟ್ರ ಪ್ರೋಟಾನು

ಆ ದಿನದ ಅಷ್ಟೂ ರಾದ್ಧಾಂತಕ್ಕೆ ಮೂಲ ಒಂದು ಮೊಳ ಎಲಾಸ್ಟಿಕ್. ಅದೂ ಹೊಸದಲ್ಲ, ಹಳೇ ಸೊಳ್ಳೆಪರದೆಯಿಂದ ಕಿತ್ತಿದ್ದು.

ಚೀಲದ ಮೇಷ್ಟ್ರು ಬೆಳಿಗ್ಗೆ ಎದ್ದವರು ಹಲ್ಲು ಕೂಡ ಉಜ್ಜದೆ ಊಟದ ಮೇಜಿನ ಮೇಲೆ ಪ್ರೋಟಾನು ಕಟ್ಟುತ್ತ ಕೂತಿದ್ದರು. ಪ್ರೋಟಾನು ಅಂದರೆ ಪರಮಾಣುವಿನ ನಟ್ಟನಡುವೆ ಇರೋ ಕಣ. ಅದರ ಹೊಟ್ಟೆಯಲ್ಲಿ ಕ್ವಾರ್ಕ್ ಅನ್ನೋ ಇನ್ನೂ ಚಿಕ್ಕ ಕಣಗಳು ಮೂರಿವೆ, ಅವು ಚೀಲದೊಳಗೆ ಹಾಕಿಟ್ಟ ಹಾಗಿವೆ, ಒಳಗೆ ಹೇಗೆ ಬೇಕಾದರೂ ಓಡಾಡಬಹುದು, ಹೊರಗೆ ಮಾತ್ರ ಕಾಲಿಡೋ ಹಾಗಿಲ್ಲ ಅಂತ ಕಾಲೇಜಿನಲ್ಲಿ ವರ್ಷಗಟ್ಟಲೆ ಕೂಗಿ ಕೂಗಿ ಅವರಿಗೆ ಈ ಹೆಸರು ಬಿದ್ದಿತ್ತು. ಹೆಸರು ಖಾಯಂ ಆಯಿತು, ಕೆಲಸ ಮಾತ್ರ ಆಗಲಿಲ್ಲ.

ಇವತ್ತು ಅದರ ತೀರ್ಮಾನ. ಇರೋದು ಒಂದೇ ಖಾಯಂ ಹುದ್ದೆ, ಬಾಯಿ ಬಿಟ್ಟುಕೊಂಡು ಕೂತವರು ಮೂವರು. ಮೂವರಿಗೂ ಸೇರಿ ಒಂದೇ ಕೋಣೆ, ಒಂದೇ ಫ್ಯಾನು. ಪ್ರೋಟಾನಿನ ಒಳಗನ್ನು ಚೌಕ ಚೌಕವಾಗಿ ಕತ್ತರಿಸಿ ಕಂಪ್ಯೂಟರಿನಲ್ಲಿ ಲೆಕ್ಕ ಹಾಕೋ ಜಾಲರಿ ಮೇಡಂ ಒಬ್ಬರು. ಚೀಲವೇನೋ ಸರಿ, ಅದರ ಸುತ್ತ ಒಂದು ಮೋಡ ಇರಲೇಬೇಕು ಅನ್ನೋ ಮೋಡದ ಮೇಷ್ಟ್ರು ಇನ್ನೊಬ್ಬರು. ಮೂರನೆಯವರು ನಮ್ಮವರು. ಆಯ್ಕೆ ಸಮಿತಿಯ ಅಧ್ಯಕ್ಷರು ಆಡಳಿತ ಕಚೇರಿಯಲ್ಲಿ ತಲೆ ನೆರೆಸಿಕೊಂಡವರು, ಭೌತಶಾಸ್ತ್ರದ ಗಂಧಗಾಳಿ ಇಲ್ಲ. "ನನಗೆ ಅರ್ಥವಾಗೋ ಹಾಗೆ ಯಾರು ಹೇಳ್ತಾರೋ ನೋಡೋಣ" ಅಂತ ಮೊದಲೇ ಹೇಳಿ ಕಳಿಸಿದ್ದರು.

"ಇವತ್ತು ಬಿಡೋದಿಲ್ಲ" ಅಂತ ಹಲ್ಲು ಕಚ್ಚಿ ಮೇಷ್ಟ್ರು ಮೂರು ಚೆಂಡುಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದರು. ಪಟ್ ಅಂತ ಹರಿಯಿತು. ಇನ್ನೊಂದು ಕಟ್ಟಿದರು. ಅದೂ ಪಟ್.

"ಏನಳಿಯಂದಿರೇ ಅದು, ಬೆಳಬೆಳಿಗ್ಗೆ ಪಟಪಟ?" ಅತ್ತೆ ಒಳಗಿಂದ ಬಂದರು. ಮಗಳ ಮನೆಗೆ ನಾಲ್ಕು ದಿನಕ್ಕೆ ಅಂತ ಬಂದು ಹೊಲಿಗೆ ಯಂತ್ರವನ್ನೂ ತರಿಸಿಕೊಂಡಿದ್ದವರು.

"ಚೆಂಡು ಹೊರಗೆ ಬರಬಾರದು ಅತ್ತೆ. ಎಳೆದರೂ ವಾಪಸ್ ಒಳಗೆ ಹೋಗಬೇಕು."

"ಅಷ್ಟೇ ತಾನೇ? ಅದಕ್ಕೆ ಇಷ್ಟು ಓದಬೇಕಿತ್ತಾ? ಕೊಡಿ ಇಲ್ಲಿ."

ಬೇಡ ಅನ್ನೋಷ್ಟರಲ್ಲಿ ಅತ್ತೆ ಸೊಳ್ಳೆಪರದೆಯ ಎಲಾಸ್ಟಿಕ್ ಕಿತ್ತು, ಚೆಂಡುಗಳಿಗೆ ಪೋಣಿಸಿ, ಜೀನ್ಸ್ ಬಟ್ಟೆಯ ಚೀಲದೊಳಗಿಟ್ಟು, ಚೆಂಡು ಎಳೆಯೋಕೆ ಮೂರು ತೂತು ಬಿಟ್ಟು, ಮೂರು ಸುತ್ತು ಹೊಲಿಗೆ ಹಾಕಿಬಿಟ್ಟರು. ಮೇಷ್ಟ್ರು ಒಂದು ಚೆಂಡನ್ನು ತೂತಿನಿಂದ ಹೊರಗೆಳೆದು ಬಿಟ್ಟರು. ಸುಂಯ್ ಅಂತ ಒಳಗೆ ಹೋಯಿತು. ಅವರಿಗೆ ಅತ್ತೆಯ ಕಾಲಿಗೆ ಬೀಳೋಷ್ಟು ಸಂತೋಷವಾಯಿತು.

ಬಸ್ಸಿನಲ್ಲಿ ಪಕ್ಕದ ಸೀಟಿನ ದಪ್ಪ ಮೀಸೆಯವರಿಗೆ ತಡೆಯಲಾಗಲಿಲ್ಲ. "ಏನ್ಸಾರ್ ಇದು?"

"ಪ್ರೋಟಾನು."

"ಓಹೋ, ಮಕ್ಕಳಿಗಾ?" ಅಂದವರೇ ಒಂದು ಚೆಂಡು ಹಿಡಿದು ಎಳೆದರು. ಹಿಂದಿನವರು ಇನ್ನೊಂದನ್ನು ಎಳೆದರು. ಬಸ್ಸು ಗಕ್ಕನೆ ನಿಂತಿತು, ಇಬ್ಬರೂ ಕೈಬಿಟ್ಟರು, ಚೀಲ ಹಾರಿ ಕಂಡಕ್ಟರ ಎದೆಗೆ ಬಡಿಯಿತು. "ಇಳೀರಿ ಕೆಳಗೆ, ನಿಮ್ಮ ಪ್ರೋಟಾನೂ ಇಳೀಲಿ!" ಅಂತ ಕಂಡಕ್ಟರು ಮೇಷ್ಟ್ರನ್ನೂ ಚೀಲವನ್ನೂ ಸೇರಿಸಿ ಇಳಿಸಿದರು. ಚೀಲದ ಒಂದು ನೂಲೂ ಬಿಚ್ಚಿರಲಿಲ್ಲ. ಮೇಷ್ಟ್ರು ಅದನ್ನು ಕಂಕುಳಲ್ಲಿ ಇರುಕಿಕೊಂಡು ಬಿಸಿಲಲ್ಲಿ ಓಡಿದರು.

ಕಾಲೇಜು ಮುಟ್ಟಿದಾಗ ಕೋಣೆಯಲ್ಲಿ ಸಾವಿನ ಮನೆಯ ಕಳೆ. ಜಾಲರಿ ಮೇಡಂ ಅವರ ಕಂಪ್ಯೂಟರು ಸಮಿತಿಯ ಮುಂದೆಯೇ ಕೈಕೊಟ್ಟಿತ್ತು. ಮೋಡದ ಮೇಷ್ಟ್ರು ಹತ್ತಿಯ ಮೋಡ ಹಿಡಿದುಕೊಂಡು ಹೋಗಿ, ಮೂರು ಸಲ ಸೀನಿ, ಮಾತೇ ಆಡದೆ ಬಂದಿದ್ದರು.

"ನಿಮ್ಮ ಚೀಲಕ್ಕೆ ನನ್ನ ಹತ್ತಿ ಸ್ವಲ್ಪ ಅಂಟಿಸಲಾ? ಇಬ್ಬರ ಹೆಸರೂ ಹೇಳಿ" ಅಂದರು ಮೋಡದ ಮೇಷ್ಟ್ರು, ಮೂಗು ಒರೆಸಿಕೊಳ್ಳುತ್ತ.

"ನಾನೂ ಜೊತೇಲಿ ಬರಲಾ? ಒಬ್ಬರೇ ಹೋದರೆ ಆ ಅಧ್ಯಕ್ಷರು ನುಂಗಿಬಿಡ್ತಾರೆ" ಅಂದರು ಮೇಡಂ.

"ಸಾಧ್ಯವೇ ಇಲ್ಲ. ಇದು ನನ್ನ ಒಬ್ಬನ ಚೀಲ" ಅಂತ ಹೇಳಿ ಮೇಷ್ಟ್ರು ಹೊರಟೇಬಿಟ್ಟರು. ಇಷ್ಟು ವರ್ಷ ಒಂದೇ ಫ್ಯಾನಿನ ಕೆಳಗೆ ಬೆವರಿದ್ದು ಈ ದಿನಕ್ಕಾಗಿಯೇ.

ಒಳಗೆ ಅಧ್ಯಕ್ಷರು ಆಕಳಿಸುತ್ತಿದ್ದರು. ಚೀಲ ಕಂಡದ್ದೇ ನೆಟ್ಟಗೆ ಕೂತರು.

"ಎಳೀರಿ ಸಾರ್" ಅಂದರು ಮೇಷ್ಟ್ರು.

ಅಧ್ಯಕ್ಷರು ಎಳೆದರು. ಎದ್ದು ನಿಂತು ಎಳೆದರು. ಮೇಜಿಗೆ ಕಾಲು ಕೊಟ್ಟು ಎಳೆದರು. ಕೊನೆಗೆ ಕೈ ಜಾರಿ ಕುರ್ಚಿಸಮೇತ ಹಿಂದಕ್ಕೆ ಬಿದ್ದರು. ಮೇಷ್ಟ್ರು ಎತ್ತೋಕೆ ಓಡಿದರು. ಆದರೆ ಅಧ್ಯಕ್ಷರು ನೆಲದ ಮೇಲಿಂದಲೇ ಗಹಗಹಿಸಿ ನಕ್ಕರು. "ಭೇಷ್! ಬರೋದೇ ಇಲ್ಲವಲ್ಲ!"

"ಅದೇ ಸಾರ್! ಹತ್ತಿರ ಇದ್ದಷ್ಟೂ ಸಡಿಲ, ದೂರ ಎಳೆದಷ್ಟೂ ಬಿಗಿ. ಮೂರರಲ್ಲಿ ಯಾವುದೂ ಒಂಟಿಯಾಗಿ ಹೊರಗೆ ಬರೋ ಹಾಗಿಲ್ಲ. ಪ್ರಕೃತಿ ನಿಯಮ!"

"ಚೆಂಡಿನ ಮೇಲೆ ಏನದು ಬರೆದಿರೋದು?"

"ಅವುಗಳ ವಿದ್ಯುತ್ತು ಸಾರ್. ಎರಡು ಚೆಂಡಿಗೆ ತಲಾ ಮೂರರಲ್ಲಿ ಎರಡು ಭಾಗ. ಇನ್ನೊಂದಕ್ಕೆ ಮೂರರಲ್ಲಿ ಒಂದು ಭಾಗ, ಅದೂ ಮೈನಸ್. ಕೂಡಿದರೆ ಸರಿಯಾಗಿ ಒಂದು."

ಅಧ್ಯಕ್ಷರು ಬೆರಳು ಮಡಿಸಿ ಕೂಡಿದರು. ಮುಖ ಅರಳಿತು. "ಅಲ್ರೀ, ಒಂದೇ ಒಂದನ್ನು ಮೂವರಿಗೆ ಹಂಚೋಕೆ ಬರುತ್ತೆ ಅನ್ನಿ! ಸರಿ, ನಿಮ್ಮ ಕೋಣೇಲೂ ಮೂವರಿದ್ದೀರಿ. ಅದರಲ್ಲಿ ನೀವು ಯಾವ ಚೆಂಡು?"

ಮೇಷ್ಟ್ರಿಗೆ ಇದೇ ಸಮಯ ಅನ್ನಿಸಿತು. ಎದೆಯುಬ್ಬಿಸಿ ಹೇಳಿದರು: "ಮೈನಸ್ ಚೆಂಡು ಸಾರ್. ಮೂರರಲ್ಲಿ ಅದಕ್ಕೇ ತೂಕ ಹೆಚ್ಚು. ಅದಿಲ್ಲದಿದ್ದರೆ ಲೆಕ್ಕವೇ ಕೂಡೋದಿಲ್ಲ."

"ಎಂಥ ದೊಡ್ಡ ಮನಸ್ಸು!" ಅಧ್ಯಕ್ಷರು ಗಂಟೆ ಬಾರಿಸಿ ಉಳಿದಿಬ್ಬರನ್ನೂ ಕರೆಸಿದರು. "ನನಗೆ ಆಗಿನಿಂದ ತಲೆನೋವಾಗಿತ್ತು, ಒಂದು ಹುದ್ದೆ, ಮೂವರಲ್ಲಿ ಯಾರನ್ನ ಕೈಬಿಡಲಿ ಅಂತ. ಇವರೇ ದಾರಿ ತೋರಿಸಿದರು. ಯಾರನ್ನೂ ಬಿಡೋದು ಬೇಡ. ಮೇಡಂಗೆ ಹುದ್ದೆಯ ಮೂರರಲ್ಲಿ ಎರಡು ಭಾಗ. ಮೋಡದವರಿಗೆ ಮೂರರಲ್ಲಿ ಎರಡು ಭಾಗ. ಆಗ ಒಂದು ಭಾಗ ಜಾಸ್ತಿ ಆಗುತ್ತಲ್ಲ, ಅದನ್ನ ಇವರು ಮೈನಸ್ ಆಗಿ ಹೊರ್ತಾರೆ."

"ಅಂದರೆ ಸಾರ್?" ಅಂದರು ಚೀಲದ ಮೇಷ್ಟ್ರು.

"ಅಂದರೆ ಹುದ್ದೇಲಿ ನಿಮಗೆ ಪಾಲಿಲ್ಲ. ಅವರಿಬ್ಬರ ಪಾಠದಲ್ಲಿ ಒಂದು ಭಾಗ ನೀವು ಮಾಡಿಕೊಡ್ತೀರಿ. ಈಗಿರೋ ಹಂಗಾಮಿ ಕೆಲಸ ಹೇಗೂ ಇದ್ದೇ ಇದೆ."

ಮೇಡಂ ಕಣ್ಣೊರೆಸಿಕೊಂಡರು. ಮೋಡದ ಮೇಷ್ಟ್ರು ಸಂತೋಷಕ್ಕೆ ಮತ್ತೆ ಸೀನಿದರು.

"ಸಾರ್, ಮೈನಸ್ಸನ್ನ ಇವರಲ್ಲೂ ಒಬ್ಬರು ಹೊರಲಿ!" ಅಂದರು ಚೀಲದ ಮೇಷ್ಟ್ರು.

ಅಧ್ಯಕ್ಷರು ಮತ್ತೆ ಬೆರಳು ಮಡಿಸಿದರು. "ಇಬ್ಬರು ಮೈನಸ್, ಒಬ್ಬರು ಪ್ಲಸ್... ಕೂಡಿದರೆ ಸೊನ್ನೆ ಬರುತ್ತಲ್ರೀ! ಏನದು?"

"ನ್ಯೂಟ್ರಾನು" ಅಂದರು ಮೇಷ್ಟ್ರು, ಪಾಠ ಹೇಳೋ ಚಾಳಿ ಬಿಡಬೇಕಲ್ಲ.

"ನೋಡಿ, ಹುದ್ದೆಯೇ ಹೋಗಿಬಿಡುತ್ತೆ."

"ಹಾಗಾದರೆ ನಾನು ರಾಜೀನಾಮೆ ಕೊಡ್ತೀನಿ!"

ಅಧ್ಯಕ್ಷರು ಚೆಂಡೊಂದನ್ನು ಪ್ರೀತಿಯಿಂದ ಎಳೆದು ಬಿಟ್ಟರು. ಸುಂಯ್! "ಹೇಗೆ ಕೊಡ್ತೀರಿ? ಯಾರೂ ಒಂಟಿಯಾಗಿ ಹೊರಗೆ ಬರೋ ಹಾಗಿಲ್ಲ ಅಂತ ಈಗ ತಾನೇ ನೀವೇ ತೋರಿಸಿದಿರಿ."

ಸಂಜೆ ಮೇಷ್ಟ್ರು ಚೀಲ ಹೊತ್ತು ಕಾಲೆಳೆದುಕೊಂಡು ಮನೆಗೆ ಬಂದರು. ಅತ್ತೆ ಬಾಗಿಲಲ್ಲೇ ಕಾದಿದ್ದರು.

"ಏನಾಯ್ತು ಅಳಿಯಂದಿರೇ? ಹರಿದುಹೋಯ್ತಾ?"

"ಇಲ್ಲ ಅತ್ತೆ" ಅಂದರು ಮೇಷ್ಟ್ರು. "ಹರಿದಿದ್ದರೆ ಬದುಕಿಕೊಳ್ಳುತ್ತಿದ್ದೆ."