ಸತ್ತ ಮೇಲೂ ಬೆರಳು ಎಳೆದುಕೊಂಡ ಮಹನೀಯರಿಗೆ

ಮಾನ್ಯ ಶವದವರೇ,

ತಮ್ಮ ಆರೋಗ್ಯ ಚೆನ್ನಾಗಿದೆಯೆಂಬುದು ಇಡೀ ಊರಿಗೇ ಗೊತ್ತಿರುವುದರಿಂದ ಅದನ್ನು ವಿಚಾರಿಸುವ ಶಾಸ್ತ್ರವನ್ನು ಬಿಟ್ಟು ನೇರವಾಗಿ ವಂದನೆಗಳನ್ನು ಸಲ್ಲಿಸುತ್ತೇನೆ. ಸತ್ತವರ ಆರೋಗ್ಯ ಇಷ್ಟು ಚೆನ್ನಾಗಿರಬಾರದು ಎಂಬುದೇ ಈ ಪತ್ರದ ಸಾರಾಂಶ. ಅಂಗಡಿಯಲ್ಲಿ ಗಿರಾಕಿಗಳು ಕಾಯುತ್ತಿದ್ದರೆ ತಾವು ಓದುವುದನ್ನು ಇಲ್ಲಿಗೇ ನಿಲ್ಲಿಸಬಹುದು. ಆದರೆ ಗಿರಾಕಿಗಳನ್ನು ಕಾಯಿಸುವುದು ತಮಗೆ ಹೊಸದಲ್ಲವಾದ್ದರಿಂದ ಮುಂದುವರಿಸುತ್ತೀರೆಂದೇ ನಂಬಿದ್ದೇನೆ.

ಪತ್ರವನ್ನು ಸಮುದಾಯ ಭವನದ ನೋಟೀಸ್ ಬೋರ್ಡಿಗೆ ಅಂಟಿಸುತ್ತಿರುವುದರಿಂದ ನಮ್ಮ ಪದ್ಧತಿ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ನಮ್ಮ ಹಳ್ಳಿಯಲ್ಲಿ ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ತಪ್ಪದೆ ಒಂದು ಕೊಲೆಯಾಗುತ್ತದೆ. ಆಗುವುದು ಭವನದ ವೇದಿಕೆಯ ಮೇಲೆ, ಐದೂವರೆಗೆ ಸರಿಯಾಗಿ. ಮಧ್ಯಂತರದಲ್ಲಿ ಪ್ರೇಕ್ಷಕರು ಕೊಲೆ ಮಾಡಿದವರು ಯಾರೆಂದು ಚೀಟಿಯಲ್ಲಿ ಬರೆದು ಬಿಸ್ಕತ್ತಿನ ಡಬ್ಬಕ್ಕೆ ಹಾಕುತ್ತಾರೆ. ಸರಿಯಾಗಿ ಬರೆದವರಿಗೆ ಮುಂದಿನ ವರ್ಷದ ನಾಟಕ ಬರೆಯುವ ಹಕ್ಕು. ಅಂಥವರು ಹಲವರಿದ್ದರೆ ಅವರಲ್ಲೊಬ್ಬರನ್ನು ಚೀಟಿ ಎತ್ತಿ ಆರಿಸುತ್ತಾರೆ. ಒಬ್ಬರೂ ಸರಿಯಾಗಿ ಬರೆಯದಿದ್ದರೆ ಮಾತ್ರ ಹಕ್ಕು ಆ ವರ್ಷದ ನಾಟಕ ಬರೆದವರ ಕೈಯಲ್ಲೇ ಉಳಿಯುತ್ತದೆ. ಹದಿನಾಲ್ಕು ವರ್ಷಗಳಲ್ಲಿ ಯಾರಿಗೂ ಎರಡನೆಯ ವರ್ಷ ದಕ್ಕಿರಲಿಲ್ಲ. ನಮ್ಮೂರಿನಲ್ಲಿ ಗುಟ್ಟು ನಿಲ್ಲುವುದು ಜರಡಿಯಲ್ಲಿ ನೀರು ನಿಂತ ಹಾಗೆ.

ಈ ವರ್ಷದ ನಾಟಕ ನನ್ನದು. ಎಂಟು ತಿಂಗಳು ಅಡುಗೆಮನೆಯ ಮೇಜಿನ ಮೇಲೆ, ತರಕಾರಿ ಹೆಚ್ಚುವ ಹಲಗೆಯನ್ನು ಪಕ್ಕಕ್ಕೆ ಸರಿಸಿ ಬರೆದೆ. ನಾಚಿಕೆಯಿಲ್ಲದೆ ಹೇಳುತ್ತೇನೆ, ನನಗೆ ಇನ್ನೊಂದು ವರ್ಷ ಬೇಕಿತ್ತು. ಬಹಳ ಬೇಕಿತ್ತು. ನಲವತ್ತಾರು ವರ್ಷಗಳಲ್ಲಿ ಮನೆಯವರು ನನ್ನನ್ನು "ಆಮೇಲೆ ಏನಾಯ್ತು?" ಎಂದು ಕೇಳಿದ್ದು ಈ ಎಂಟು ತಿಂಗಳು ಮಾತ್ರ. ಅದಕ್ಕೆ ಮುಂಚೆ ಕೇಳುತ್ತಿದ್ದದ್ದು "ಊಟಕ್ಕೇನು?" ಎಂದು.

ತಮ್ಮನ್ನು ಶವದ ಪಾತ್ರಕ್ಕೆ ಆರಿಸಿದ್ದರಲ್ಲಿ ನನ್ನ ಸ್ವಾರ್ಥವಿತ್ತು. ಊರಿನ ಪ್ರತಿಯೊಬ್ಬರ ಸೊಂಟದ ಸುತ್ತಳತೆ ಬಲ್ಲ ಏಕೈಕ ಟೈಲರ್ ತಾವು. ಟೇಪು ಕೊರಳಿಗೆ ಬಿದ್ದರೆ ಸಾಕು, ಒಬ್ಬರ ಮನೆಯ ಸುದ್ದಿ ಇನ್ನೊಬ್ಬರ ತೋಳಿನ ಅಳತೆಯ ಜೊತೆಗೇ ಹೊರಬೀಳುತ್ತದೆ. ಆದ್ದರಿಂದ ಮಾತೇ ಇಲ್ಲದ ಪಾತ್ರವನ್ನು ತಮಗೆ ಕೊಟ್ಟೆ. ಕೊನೆಯ ದೃಶ್ಯದ ತಾಲೀಮಿಗೆ ತಮ್ಮನ್ನು ಕರೆಯಲಿಲ್ಲ, ಕೊಲೆ ಮಾಡಿದವರು ಯಾರೆಂದೂ ಹೇಳಲಿಲ್ಲ. ಆಗ ತಾವು, "ಅಲ್ಲ ಅಕ್ಕಾ, ಸಾಯೋನಿಗಾದ್ರೂ ಗೊತ್ತಿರಬೇಡ್ವಾ ಯಾರು ಸಾಯಿಸಿದ್ದು ಅಂತ?" ಎಂದು ಕೇಳಿದ್ದಿರಿ. ಕೇಳಿದ್ದು ನ್ಯಾಯವಾಗಿಯೇ ಇತ್ತು. ನಾನು ತಮ್ಮ ಕೋಟಿನ ಗುಂಡಿ ಹಾಕಿದೆ.

ನಾಟಕದ ದಿನ ತಾವು ಹೊತ್ತಿಗೆ ಸರಿಯಾಗಿ ಸತ್ತಿರಿ. ಇದನ್ನು ಮೆಚ್ಚಲೇಬೇಕು. "ಹೇಳಿದ ದಿನಕ್ಕೆ ಇವನು ಮುಗಿಸಿಕೊಟ್ಟ ಮೊದಲ ಕೆಲಸ ಇದು" ಎಂದು ಎರಡನೆಯ ಸಾಲಿನಿಂದ ಯಾರೋ ಅಂದದ್ದು ತೆರೆಯ ಹಿಂದಿದ್ದ ನನಗೂ ಕೇಳಿಸಿತು. ಜೂನ್ ತಿಂಗಳಿನಲ್ಲಿ ಕೊಟ್ಟ ನನ್ನ ಎರಡು ರವಿಕೆ ಬಟ್ಟೆಗಳು ಇನ್ನೂ ತಮ್ಮಲ್ಲೇ ಇರುವುದರಿಂದ ನಾನೂ ತಲೆದೂಗಿದೆ. ಹಿಮವೆಂದು ಹರಡಿದ್ದ ಹತ್ತಿ ಮೂಗಿಗೆ ಹೋಗಿ ತಾವು ಸತ್ತ ಹತ್ತನೆಯ ನಿಮಿಷಕ್ಕೆ ಸೀನಿದ್ದನ್ನೂ ನಾನು ಮನಸ್ಸಿಗೆ ಹಚ್ಚಿಕೊಂಡಿಲ್ಲ. ಅಡುಗೆಯಾಕೆಯ ಪಾತ್ರದಲ್ಲಿದ್ದ ಪೋಸ್ಟ್ ಆಫೀಸಿನ ಮೇಡಂ ಕೂಡಲೇ, "ಅಯ್ಯೋ ಪಾಪ, ಪ್ರಾಣ ಹೋದ್ರೂ ಯಜಮಾನರಿಗೆ ನೆಗಡಿ ಬಿಡ್ಲಿಲ್ಲ" ಎಂದು ಕಣ್ಣೊರೆಸಿಕೊಂಡು ನಾಟಕವನ್ನು ಕಾಪಾಡಿದರು.

ನನ್ನ ದೂರು ತಮ್ಮ ಮೂಗಿನ ಮೇಲಲ್ಲ. ಬಲಗೈಯ ಬೆರಳುಗಳ ಮೇಲೆ.

ನಾಟಕದಲ್ಲಿ ಡಾಕ್ಟರಾಗಿದ್ದವರು ನನ್ನ ಭಾವನವರು. ಅವರದು ಲಾರಿ ಗ್ಯಾರೇಜು. ಅವರ ಬೂಟು ಒಂದೊಂದೂ ತಮ್ಮ ಅಂಗಡಿಯ ಇಸ್ತ್ರಿಪೆಟ್ಟಿಗೆಯಷ್ಟು ಭಾರ. ಗುರುವಾರದ ತಾಲೀಮಿನಲ್ಲಿ ನಾಡಿ ನೋಡಲು ಬಂದವರು ತಮ್ಮ ಬೆರಳುಗಳ ಮೇಲೆಯೇ ನಿಂತುಬಿಟ್ಟರು. ತಾವು ಹಾಕಿದ ಕೂಗಿಗೆ ಭವನದ ಪಾರಿವಾಳಗಳೆಲ್ಲ ಹಾರಿಹೋದವು. "ಬೆರಳು ಹೋದ್ರೆ ಕಾಜ ಹೊಲಿಯೋದು ಕಾಲಲ್ಲಾ?" ಎಂದು ತಾವು ಕೇಳಿದಾಗ ನಾನು ಕೈಯಲ್ಲಿದ್ದ ಹಾಳೆಯಿಂದ ಕಣ್ಣೆತ್ತದೆ, "ಸತ್ತವರಿಗೆ ನೋವಾಗಲ್ಲ. ಭಾವ, ಮುಂದಿನ ಮಾತು ಹೇಳಿ" ಅಂದೆ. ಈಗ ನೆನೆದರೆ ಅದು ಯಾವ ಲೇಖಕಿಯೂ ಆಡಬಾರದ ಮಾತು. ಆದರೂ ತಾವು ಸೇಡು ತೀರಿಸಿಕೊಂಡ ರೀತಿ ವಿಪರೀತವಾಯಿತು.

ನಾಟಕದ ಸಂಜೆ ಡಾಕ್ಟರು ಹತ್ತಿರ ಬಂದಾಗಲೆಲ್ಲ ತಮ್ಮ ಬಲಗೈ ಆಮೆಯ ತಲೆಯ ಹಾಗೆ ಮೆಲ್ಲಗೆ ಕೋಟಿನ ತೋಳಿನೊಳಗೆ ಸೇರಿಕೊಳ್ಳತೊಡಗಿತು. ಡಾಕ್ಟರು ದೂರ ಹೋದರೆ ಹೊರಗೆ, ಹತ್ತಿರ ಬಂದರೆ ಒಳಗೆ. ಹೀಗೆ ಆರು ಸಲ. ಮೂರನೆಯ ಸಲಕ್ಕೆ ಮಕ್ಕಳು ಕಂಡುಹಿಡಿದರು. ನಾಲ್ಕನೆಯ ಸಲಕ್ಕೆ ಮುಂದಿನ ಸಾಲಿನ ಅಜ್ಜಿಯೊಬ್ಬರು ಪಕ್ಕದವರ ತೊಡೆ ತಟ್ಟಿ, "ನೋಡೇ, ಹೆಣಕ್ಕೂ ಅವನ್ನ ಕಂಡ್ರೆ ಭಯ!" ಎಂದು ಇಡೀ ಸಭೆಗೆ ತೀರ್ಪು ಕೊಟ್ಟರು. ಮಧ್ಯಂತರದಲ್ಲಿ ಡಬ್ಬ ತೆರೆದಾಗ ನೂರಾ ಹದಿನೆಂಟು ಚೀಟಿಗಳಿದ್ದವು. ನೂರಾ ಹದಿನೆಂಟರಲ್ಲೂ ಒಂದೇ ಉತ್ತರ: ಡಾಕ್ಟರು.

ನಾಟಕದಲ್ಲಿ ಯಜಮಾನರ ಲೋಟಕ್ಕೆ ವಿಷ ಹಾಕಿದ್ದು ಅಡುಗೆಯಾಕೆ.

ಕೊನೆಯ ದೃಶ್ಯದಲ್ಲಿ ಪೊಲೀಸರು ಆಕೆಯ ಕೈಗೆ ಬೇಡಿ ಹಾಕಿದಾಗ ಚಪ್ಪಾಳೆ ಬರಲಿಲ್ಲ, ಗಲಾಟೆ ಎದ್ದಿತು. "ಸತ್ತೋನೇ ಸಾಕ್ಷಿ ಹೇಳ್ತಿದ್ದಾನೆ, ಬರೆದೋಳಿಗೇನು ಗೊತ್ತು?" ಎಂದು ಹಿಂದಿನಿಂದ ಯಾರೋ ಕೂಗಿದರು. ನನ್ನದೇ ಕಥೆಯಲ್ಲಿ ಕೊಲೆ ಮಾಡಿದ್ದು ಯಾರೆಂದು ನನಗಿಂತ ಹೆಣಕ್ಕೆ ಚೆನ್ನಾಗಿ ಗೊತ್ತಿದೆಯೆಂದು ಒಂದು ಊರಿಗೆ ಊರೇ ನಂಬುವುದೆಂದರೆ ಸಣ್ಣ ಮಾತೇ? ಆದರೆ ನಿಯಮ ನಿಯಮವೇ. ಒಂದು ಚೀಟಿಯೂ ಸರಿಯಿರಲಿಲ್ಲವಾದ್ದರಿಂದ ಹದಿನಾಲ್ಕು ವರ್ಷಗಳಲ್ಲಿ ಮೊದಲ ಬಾರಿಗೆ ಹಕ್ಕು ಬರೆದವಳ ಕೈಯಲ್ಲೇ ಉಳಿಯಿತು. ನಾನು ಗೆದ್ದೆ. ಆ ಸಂತೋಷ ಹಬ್ಬದ ಮರುದಿನ ತಾವು ಅಂಗಡಿಯ ಬಾಗಿಲು ತೆರೆಯುವವರೆಗೆ ಇತ್ತು.

ಅಂದಿನಿಂದ ಅಳತೆ ಕೊಡಲು ಬಂದವರಿಗೆಲ್ಲ ತಾವು ಹೇಳುತ್ತಿರುವುದು ನನ್ನ ಕಿವಿಗೆ ಐದು ಮನೆಗಳಿಂದ ಬಂದು ಮುಟ್ಟಿದೆ: "ಬೆರಳು ಎಳ್ಕೊಂಡಿದ್ದು ಬೇಕಂತಲೇ ಕಣ್ರೀ. ಜನರ ದಿಕ್ಕು ತಪ್ಪಿಸೋಕೆ. ಅದೊಂದು ಟೆಕ್ನಿಕ್ಕು. ಅಕ್ಕ ಬರೆದಿದ್ದು ಬರೀ ಬಟ್ಟೆ, ಹೊಲಿದು ಕೊಟ್ಟಿದ್ದು ನಾನು." ಕೊಲೆ ಮಾಡಿದವರು ಯಾರೆಂದೇ ತಿಳಿಯದವರು ಜನರ ದಿಕ್ಕು ತಪ್ಪಿಸುವುದು ಹೇಗೆಂದು ಪೋಸ್ಟ್ ಆಫೀಸಿನ ಮೇಡಂ ಕೇಳಿದ್ದಕ್ಕೆ, "ದಿಕ್ಕು ಗೊತ್ತಿಲ್ದೋನೇ ಮೇಡಂ, ಚೆನ್ನಾಗಿ ದಿಕ್ಕು ತಪ್ಪಿಸೋದು" ಎಂದಿರಂತೆ. ಮುಂದಿನ ವರ್ಷದ ಪೋಸ್ಟರಿನಲ್ಲಿ ನನ್ನ ಹೆಸರಿನ ಪಕ್ಕದಲ್ಲಿ, ಅದೇ ಗಾತ್ರದ ಅಕ್ಷರಗಳಲ್ಲಿ ತಮ್ಮ ಹೆಸರೂ ಇರಬೇಕೆಂದು ನಾಟಕದ ಸಮಿತಿಗೆ ಅರ್ಜಿ ಕೊಟ್ಟಿದ್ದೀರಂತೆ. ಶವಕ್ಕೊಂದು ಹಾಡೂ ಇರಲಿ ಎಂದು ಅರ್ಜಿಯ ಕೆಳಗೆ ಬೇರೆ ಶಾಯಿಯಲ್ಲಿ ಸೇರಿಸಿದ್ದೀರಂತೆ.

ಈ ಹಿನ್ನೆಲೆಯಲ್ಲಿ ನನ್ನ ಕೆಲವು ವಿನಮ್ರ ಬೇಡಿಕೆಗಳನ್ನು ಮುಂದಿಡುತ್ತೇನೆ. ಇನ್ನು ಮುಂದೆ ಸಾಯುವಾಗ ದಯವಿಟ್ಟು ಪೂರ್ತಿಯಾಗಿ ಸಾಯಬೇಕು. ಕೈ ಒಂದನ್ನು ಜೀವಂತ ಇಟ್ಟುಕೊಳ್ಳುವುದು ಉಳಿದ ಅಂಗಗಳಿಗೆ ಮಾಡುವ ಅನ್ಯಾಯ. ಅದು ಸಾಧ್ಯವಾಗದಿದ್ದರೆ ಬೆರಳುಗಳನ್ನು ಆ ಸಂಜೆಯ ಮಟ್ಟಿಗೆ ಅಂಗಡಿಯಲ್ಲೇ ಬಿಟ್ಟು, ಮೇಲೊಂದು "ನಾಳೆ ಬನ್ನಿ" ಫಲಕ ತೂಗುಹಾಕಿ ಬರಬೇಕು. ಭಾವನವರ ಗ್ಯಾರೇಜಿಗೆ ಹೋಗುವ ಮಕ್ಕಳು ಅವರನ್ನು ಕಂಡೊಡನೆ ಕೈಗಳನ್ನು ತೋಳಿನೊಳಗೆ ಎಳೆದುಕೊಳ್ಳುತ್ತಿರುವುದರಿಂದ, ಅವರು ನಿರಪರಾಧಿಯೆಂದು ತಾವು ಶವದ ಉಡುಪಿನಲ್ಲೇ ಮನೆಮನೆಗೆ ಹೋಗಿ ಹೇಳಿ ಬರಬೇಕು.

ಇಲ್ಲಿಗೆ ಪತ್ರ ಮುಗಿಯಬೇಕಿತ್ತು. ನಿನ್ನೆ ಬೆಳಗ್ಗೆ ಮುಗಿಸಿಯೂ ಇದ್ದೆ. ತಮ್ಮದೆಲ್ಲ ಬರೀ ಜಂಬವೆಂದು ಸಾಬೀತು ಮಾಡಿ ಕೊನೆಯ ಸಾಲು ಬರೆಯೋಣವೆಂದು ಆ ನೂರಾ ಹದಿನೆಂಟು ಚೀಟಿಗಳನ್ನು ಮತ್ತೆ ಮೇಜಿನ ಮೇಲೆ ಹರಡಿಕೊಂಡೆ. ಹಾಗೆ ಮಾಡಬಾರದಿತ್ತು.

ಭವನದ ಕಂಬದ ಹಿಂದಿನ ಸಾಲು ತಮಗೆ ಗೊತ್ತು. ಅಲ್ಲಿ ಕೂತವರಿಗೆ ಮಾತೆಲ್ಲ ಕೇಳಿಸುತ್ತದೆ, ವೇದಿಕೆಯ ನೆಲ ಮಾತ್ರ ಕಾಣಿಸುವುದಿಲ್ಲ. ಅಂದರೆ ತಾವು ಕಾಣಿಸುವುದಿಲ್ಲ. ಆ ಸಾಲಿನಲ್ಲಿ ಏಳು ಕುರ್ಚಿಗಳಿವೆ. ಏಳು ಚೀಟಿಗಳಲ್ಲಿ ಮೊದಲು "ಅಡುಗೆಯವಳು" ಎಂದು ಬರೆದು, ಆಮೇಲೆ ಅದನ್ನು ಹೊಡೆದುಹಾಕಿ, ಕೆಳಗೆ "ಡಾಕ್ಟರು" ಎಂದು ಬರೆದಿತ್ತು. ಒಂದರಲ್ಲಿ ಕಾರಣವನ್ನೂ ಕೊಟ್ಟಿದ್ದರು: ಮೂಗು ಕಟ್ಟಿದೆ, ಲೋಟದ ವಾಸನೆ ಗೊತ್ತಾಗಲಿಲ್ಲ ಎಂದು ಪೊಲೀಸರಿಗೆ ಹೇಳುವ ಅಡುಗೆಯಾಕೆಗೆ ಅದಕ್ಕೂ ಮುಂಚೆ ಹಿತ್ತಲಿಗೇ ಕೇಕು ಸೀದ ವಾಸನೆ ಬಂದದ್ದು ಹೇಗೆ? ಹೆಣ ಕಾಣದೆ ಬರೀ ನನ್ನ ಮಾತುಗಳನ್ನು ಕೇಳಿಸಿಕೊಂಡವರು ಏಳಕ್ಕೆ ಏಳೂ ಜನ ನನ್ನ ಗುಟ್ಟನ್ನು ಹಿಡಿದಿದ್ದರು. ಮುಂದಿನ ಸಾಲುಗಳಿಂದ ತಮ್ಮ ಬೆರಳಿನ ಸುದ್ದಿ ಹಿಂದಕ್ಕೆ ಬಂದ ಮೇಲೆ ಸ್ವಂತ ಬುದ್ಧಿಯನ್ನೇ ನಂಬದೆ ಉತ್ತರ ತಿದ್ದಿದ್ದರು.

ಅಡುಗೆಯಾಕೆಯ ನೆಗಡಿಯ ಆ ಎಡವಟ್ಟನ್ನು ಅತ್ತೆಯವರು ಏಪ್ರಿಲ್‌ನಲ್ಲೇ, ಬಟಾಣಿ ಸುಲಿಯುತ್ತಾ, ತಲೆಯೆತ್ತದೆಯೇ ಹೇಳಿದ್ದರು. "ಎಲ್ಲರೂ ನಿಮ್ಮಷ್ಟು ಚುರುಕಿರಲ್ಲ ಅತ್ತೆ" ಎಂದು ಅವರನ್ನು ಹೊಗಳಿ ನಾನು ತಪ್ಪಿಸಿಕೊಂಡಿದ್ದೆ. ಹೊಗಳಿದ್ದು ಅವರನ್ನೋ ನನ್ನನ್ನೋ ಎಂದು ಈಗ ಅನುಮಾನ.

ಆ ಏಳು ಚೀಟಿಗಳನ್ನು ಒಲೆಗೆ ಹಾಕಬಹುದಿತ್ತು. ಹಾಕಲೆಂದೇ ಎದ್ದಿದ್ದೆ. ಒಲೆಯ ಮುಂದೆ ನಿಂತು ಯೋಚಿಸಿದೆ: ಮಾಡಿದ ತಪ್ಪನ್ನು ಬೇಕಂತಲೇ ಮಾಡಿದೆ ಎನ್ನುವವರ ಮೇಲೆ ದೂರು ಬರೆಯುತ್ತಿರುವವಳು, ಅದೃಷ್ಟಕ್ಕೆ ಗೆದ್ದದ್ದನ್ನು ಬುದ್ಧಿಯಿಂದ ಗೆದ್ದೆ ಎಂದುಕೊಂಡು ಓಡಾಡಿದರೆ, ನಮ್ಮಿಬ್ಬರಲ್ಲಿ ವ್ಯತ್ಯಾಸವೇನು? ತಾವಾದರೂ ನೋವು ತಿಂದಿದ್ದೀರಿ. ಆದ್ದರಿಂದ ಆ ಚೀಟಿಗಳನ್ನು ಈ ಪತ್ರದ ಕೆಳಗೇ ಅಂಟಿಸಿದ್ದೇನೆ. ಯಾರು ಬೇಕಾದರೂ ನೋಡಬಹುದು. ಹೊಡೆದುಹಾಕಿದ ಉತ್ತರ ಲೆಕ್ಕಕ್ಕಿಲ್ಲ, ಹಕ್ಕು ನನ್ನದೇ ಎಂದು ಸಮಿತಿಯವರು ಹೇಳಿದ್ದಾರೆ. ಬೇಡವೆನ್ನುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಇಟ್ಟುಕೊಳ್ಳುತ್ತೇನೆ. ಆದರೆ ಪೋಸ್ಟರಿನಲ್ಲಿ ತಮ್ಮ ಹೆಸರು ಇರುತ್ತದೆ, ಅದೇ ಗಾತ್ರದ ಅಕ್ಷರಗಳಲ್ಲಿ. ಭಾವನವರ ಕಾಲಿಗೆ ಚಪ್ಪಲಿ ಇರುತ್ತದೆ. ಹಾಡು ಮಾತ್ರ ಇರುವುದಿಲ್ಲ.

ತಾವು ಮತ್ತೆ ಸಾಯುವ ದಿನವನ್ನು ಎದುರುನೋಡುತ್ತಾ,
ತಮ್ಮ ಬೆರಳುಗಳ ಋಣದಲ್ಲಿರುವ ತಮ್ಮ ವಿಶ್ವಾಸಿ,
ನಾಟಕ ಬರೆದವಳು

ತಾ.ಕ.: ಮುಂದಿನ ವರ್ಷದ ಕಥೆ ಆಗಲೇ ಹೊಳೆದಿದೆ. ಕ್ರಿಸ್‌ಮಸ್ಸಿನ ಹಿಂದಿನ ಸಂಜೆ ಒಂದು ಹಳ್ಳಿಯಲ್ಲಿ ಮಾತುಗಾರ ಟೈಲರೊಬ್ಬರು ಹೊಲಿಯದೆ ಬಿಟ್ಟ ರವಿಕೆ ಬಟ್ಟೆಗಳ ರಾಶಿಯ ಕೆಳಗೆ ಶವವಾಗಿ ಸಿಗುತ್ತಾರೆ. ಕೊಂದವಳು ಅದೇ ಊರಿನಲ್ಲಿ ನಾಟಕ ಬರೆಯುವ ಹೆಂಗಸು. ಕಂಬದ ಹಿಂದೆ ಕೂತವರಿರಲಿ, ಮನೆಯಲ್ಲೇ ಉಳಿದವರೂ ಇದನ್ನು ಸರಿಯಾಗಿ ಬರೆದು ಕಳಿಸುತ್ತಾರೆ, ನನಗೆ ಗೊತ್ತು. ಜನರ ದಿಕ್ಕು ತಪ್ಪಿಸುವ ಟೆಕ್ನಿಕ್ಕು ತಮ್ಮಲ್ಲಿ ನಿಜವಾಗಿಯೂ ಇದ್ದರೆ, ಸ್ವಾಮಿ, ಈ ಸಲ ತೋರಿಸಿ.