ದೃಷ್ಟಿಗೆ ಇಂಗ್ಲಿಷ್ ಬರುವುದಿಲ್ಲ

ಹೊಗಳುವುದರಲ್ಲಿ ನಮ್ಮ ಕಾಕಾನನ್ನು ಮೀರಿಸುವವರು ಇಡೀ ವಿಜಾಪುರದಲ್ಲಿ ಇರಲಿಲ್ಲ. ಆದರೆ ಅವರು ಹೊಗಳಿದರು ಎಂದು ಹೊಗಳಿಸಿಕೊಂಡವರಿಗೇ ಗೊತ್ತಾಗುತ್ತಿರಲಿಲ್ಲ! ಯಾಕೆಂದರೆ ಬೈಯುವುದಿದ್ದರೆ ಕಾಕಾ ಕನ್ನಡದಲ್ಲಿ ಬೈಯುತ್ತಿದ್ದರು, ಹೊಗಳುವುದಿದ್ದರೆ ಇಂಗ್ಲಿಷಿನಲ್ಲಿ ಹೊಗಳುತ್ತಿದ್ದರು. ಇದು ನಾನು ಕಟ್ಟಿ ಹೇಳುವ ಮಾತಲ್ಲ. ಎಪ್ಪತ್ತರ ದಶಕದಲ್ಲಿ ಕಾಲೇಜು ಕಲಿಯಲು ಬಬಲೇಶ್ವರದಿಂದ ಬಂದು, ಜೋರಾಪುರ ಪೇಟೆಯ ಅವರ ಮನೆಯಲ್ಲಿ ಉಂಡು ಮಲಗಿ, ಎರಡನ್ನೂ ಕಿವಿಯಾರೆ ಕೇಳಿದವನು ನಾನು. ನನ್ನ ಪಾಲಿಗೆ ಕನ್ನಡವೇ ಹೆಚ್ಚು ಬರುತ್ತಿತ್ತು, ಅದು ಬೇರೆ ಮಾತು.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ, ಹೈಸ್ಕೂಲಿನಲ್ಲಿ ಇಂಗ್ಲಿಷ್ ಮಾಸ್ತರು. ವ್ಯಾಕರಣದ ಪುಸ್ತಕದಲ್ಲಿ ಪಾಠಗಳು ಬೇಕಾದಷ್ಟಿದ್ದವು. ಕಾಕಾನ ಪ್ರೀತಿಯೆಲ್ಲ ಒಂದೇ ಪಾಠದ ಮೇಲೆ: ಒಂದು ವಸ್ತು ಎಷ್ಟು ಬೆಲೆಯುಳ್ಳದ್ದು, ಎಷ್ಟು ಮುಖ್ಯ, ಎಷ್ಟು ಉಪಯೋಗದ್ದು ಎಂದು ಹೇಳುವ ವಾಕ್ಯಗಳ ಪಾಠ. ‘ಇಟ್ ಈಸ್ ವರ್ತ್ ಸೀಯಿಂಗ್’, ‘ಇಟ್ ಈಸ್ ಆಫ್ ಗ್ರೇಟ್ ವ್ಯಾಲ್ಯೂ’, ‘ಇಟ್ ಈಸ್ ವೆರಿ ಯೂಸ್‌ಫುಲ್’. ಇವನ್ನು ಜೂನ್ ತಿಂಗಳಲ್ಲಿ ಶುರು ಮಾಡಿದರೆ ಪರೀಕ್ಷೆ ಬಂದು ಬಾಗಿಲು ಬಡಿದರೂ ಬಿಡುತ್ತಿರಲಿಲ್ಲ. ಅವರ ಕ್ಲಾಸಿನ ಹುಡುಗರಿಗೆ ನಿನ್ನೆ ಎಲ್ಲಿಗೆ ಹೋಗಿದ್ದೆ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಲು ಬರುತ್ತಿರಲಿಲ್ಲ, ಆದರೆ ಅಲ್ಲಿಗೆ ಹೋದದ್ದು ಸಾರ್ಥಕವಾಯಿತು ಎಂಬುದನ್ನು ಪಟಪಟನೆ ಹೇಳುತ್ತಿದ್ದರು!

ಆ ಪಾಠದಲ್ಲೂ ಒಂದು ವಾಕ್ಯವನ್ನು ಕಾಕಾ ಕಲಿಸುತ್ತಿರಲಿಲ್ಲ. ‘ಇಟ್ ಈಸ್ ನೋ ಯೂಸ್’, ಅಂದರೆ ಏನೂ ಪ್ರಯೋಜನವಿಲ್ಲ ಎನ್ನುವುದು. ಒಮ್ಮೆ ತಪಾಸಣೆಗೆ ಬಂದ ಸಾಹೇಬರು ಒಬ್ಬ ಹುಡುಗನನ್ನು ಎಬ್ಬಿಸಿ ಸರಿಯಾಗಿ ಅದನ್ನೇ ಕೇಳಿದರು. ಹುಡುಗ ಕೈಕಟ್ಟಿ ನಿಂತು, “ಅದು ನಮ್ಮ ಕ್ಲಾಸಿನ್ಯಾಗ ಕನ್ನಡದಾಗ ಐತ್ರಿ ಸರ್” ಎಂದ. ಸಾಹೇಬರು ಕಾಕಾನ ಮುಖ ನೋಡಿದರು. ಕಾಕಾ ಅಭಿಮಾನದಿಂದ ತಲೆಯಾಡಿಸಿದರು.

ಇದೆಂಥ ಹುಚ್ಚು ಅಂತೀರಾ? ಹುಚ್ಚಲ್ಲ, ಅದಕ್ಕೊಂದು ಸಿದ್ಧಾಂತವಿತ್ತು. ನಮ್ಮ ಕಡೆ ಚಂದದ್ದನ್ನು ಚಂದ ಎಂದು ಬಾಯಿಬಿಟ್ಟು ಹೇಳಿದಿರೋ, ದೃಷ್ಟಿ ತಾಗಿತೆಂದೇ ಲೆಕ್ಕ. ಕೂಸು ದುಂಡಗಿದೆ ಎಂದರೆ ಸಂಜೆಗೆ ಜ್ವರ. ಎಮ್ಮೆ ಚಲೋ ಹಿಂಡುತ್ತದೆ ಎಂದರೆ ಮರುದಿನ ಕೆಚ್ಚಲು ಬತ್ತುತ್ತದೆ. ಹಾಗಂತ ಒಳ್ಳೆಯದನ್ನು ಕಂಡು ಸುಮ್ಮನಿರಲು ಆಗುತ್ತದೆಯೇ? ನಾಲಿಗೆ ತುರಿಸುತ್ತದೆ! ಕಾಕಾ ತರುಣರಿದ್ದಾಗಲೇ ಇದಕ್ಕೆ ಉಪಾಯ ಕಂಡುಹಿಡಿದಿದ್ದರು. “ದೃಷ್ಟಿ ನಮ್ಮ ಊರಿಂದು. ಅದು ಸಾಲಿ ಕಲತಿಲ್ಲ. ಅದಕ್ಕ ಇಂಗ್ಲಿಷ್ ಬರೂದಿಲ್ಲ!”

ಈ ಸಿದ್ಧಾಂತಕ್ಕೆ ಅವರ ಬಳಿ ಪುರಾವೆಯೂ ಇತ್ತು. ಒಮ್ಮೆ ಅರಕೇರಿಯ ವಿದ್ಯಾರ್ಥಿಯೊಬ್ಬನ ಮನೆಗೆ ನಾವಿಬ್ಬರೂ ಹೋಗಿದ್ದೆವು. ಅಂಗಳದಲ್ಲಿ ಮಿರಿಮಿರಿ ಮಿಂಚುವ ಎಮ್ಮೆ. ಕಾಕಾ ಅದರ ಎದುರು ನಿಂತು ಕೈ ಮುಂದೆ ಚಾಚಿ, “ಇಟ್ ಈಸ್ ಆಫ್ ಗ್ರೇಟ್ ವ್ಯಾಲ್ಯೂ!” ಎಂದು ಗುಡುಗಿದರು. ಎಮ್ಮೆ ಬೆದರಿ ಗೂಟ ಕಿತ್ತಿತು. ಮನೆಯ ಯಜಮಾನ ಹೌಹಾರಿ ಓಡಿಬಂದ.

“ಮಾಸ್ತರ, ನಮ್ಮ ಎಮ್ಮಿ ಏನ್ ತಪ್ಪ ಮಾಡೇತ್ರಿ? ಹಿಂಗ್ಯಾಕ ಬೈತೀರಿ ಅದಕ್ಕ?”

“ಬೈದಿಲ್ಲೋ ಮಾರಾಯ. ಸಂಜೀಕ ಹಿಂಡಿ ನೋಡು, ಒಂದ ಹನಿ ಕಮ್ಮಿ ಆದ್ರ ನನ್ನ ಕೇಳು” ಎಂದರು ಕಾಕಾ. ಸಂಜೆ ಎಮ್ಮೆ ಎಂದಿನಷ್ಟೇ ಹಾಲು ಕೊಟ್ಟಿತು. ಇದಕ್ಕಿಂತ ದೊಡ್ಡ ಪುರಾವೆ ಯಾವ ವಿಜ್ಞಾನಿಯ ಬಳಿ ಇದ್ದೀತು!

ಅವರನ್ನು ವಾದಕ್ಕೆ ಎಳೆಯುವ ಧೈರ್ಯವಿದ್ದದ್ದು ಸೊಲ್ಲಾಪುರ ರಸ್ತೆಯಲ್ಲಿ ಸೈಕಲ್ ಅಂಗಡಿ ಇಟ್ಟುಕೊಂಡಿದ್ದ ಚಾಚಾ ಒಬ್ಬರಿಗೇ. ಕಾಕಾನ ಸೈಕಲ್ಲಿನ ಪಂಕ್ಚರ್ ತಿದ್ದುತ್ತ ಅವರು ಒಂದು ದಿನ ಕೇಳಿಯೇಬಿಟ್ಟರು: “ನಜರ್‌ಗೆ ಇಂಗ್ಲಿಷ್ ಬರೂದಿಲ್ಲ ಅಂತೀರಿ ಮಾಸ್ತರ. ಮತ್ತ ಇಂಗ್ಲಿಷರು ಇಷ್ಟ ದೊಡ್ಡ ರಾಜ್ಯ ಕಳಕೊಂಡು ಹ್ಯಾಂಗ ಹೋದ್ರು?”

ಕಾಕಾ ಒಂದು ಕ್ಷಣವೂ ತಡವರಿಸಲಿಲ್ಲ. “ಅವರ ರಾಜ್ಯಾನ ಅವರೇ ಇಂಗ್ಲಿಷಿನ್ಯಾಗ ಹೊಗಳಿಕೊಳ್ಳೂ ತನಕ ಏನೂ ಆಗಲಿಲ್ಲ ಚಾಚಾ. ನಮ್ಮ ಮಂದಿ ಕನ್ನಡದಾಗ ಹೊಗಳಾಕ ಸುರು ಮಾಡಿದ್ರು ನೋಡ್ರಿ, ಅವತ್ತೇ ಅವರ ಕಥಿ ಮುಗೀತು!”

ಚಾಚಾ ನಗುತ್ತ ನಗುತ್ತ ಪಂಪನ್ನು ಕೈಬಿಟ್ಟರು. ಗಾಳಿ ತುಂಬದ ಸೈಕಲ್ ತಳ್ಳಿಕೊಂಡೇ ನಾವು ಮನೆಗೆ ಬಂದೆವು.

ಈ ಸಿದ್ಧಾಂತದಿಂದ ನಿಜವಾಗಿ ನಷ್ಟವಾದದ್ದು ಮನೆಯೊಳಗಿನವರಿಗೆ. ಕಾಕು, ಅಂದರೆ ಕಾಕಾನ ಹೆಂಡತಿ, ಇಂಗ್ಲಿಷ್ ಕಲಿತವಳಲ್ಲ. ಅವಳು ಮಾಡಿದ ಎಣ್ಣೆಗಾಯಿ ತಿಂದು ಕಾಕಾ ಕಣ್ಣುಮುಚ್ಚಿ, “ಇಟ್ ಈಸ್ ವರ್ತ್ ಈಟಿಂಗ್” ಎನ್ನುವರು. ಕಾಕು ನನ್ನ ಕಡೆ ತಿರುಗಿ, “ಏನಂತಪಾ ತಮ್ಮಾ?” ಎನ್ನುವಳು. ನಾನು ಅವಳ ಕಿವಿಯಲ್ಲಿ ಅರ್ಥ ಹೇಳುವೆ. ಜೋರಾಗಿ ಕನ್ನಡದಲ್ಲಿ ಹೇಳುವ ಹಾಗಿರಲಿಲ್ಲ, ದೃಷ್ಟಿ ಕೇಳಿಸಿಕೊಂಡರೆ? ನಾನು ಊರಿಗೆ ಹೋದ ದಿನಗಳಲ್ಲಿ ಆ ಸೌಲಭ್ಯವೂ ಇಲ್ಲ. “ಉಪ್ಪು ಕಮ್ಮಿ ಅನ್ನೂದಷ್ಟ ಕನ್ನಡದಾಗ ಬರತೈತಿ. ನನ್ನ ಪಾಲಿಗಿ ಬರೇ ಬೈಗಳ!” ಎಂದು ಕಾಕು ಗೊಣಗುತ್ತಿದ್ದಳು.

ಅವರ ಒಬ್ಬಳೇ ಮಗಳು ಶೋಭಾಳ ಪಾಡು ಇನ್ನೂ ಕಷ್ಟದ್ದು. ಅವಳನ್ನು ಕಾಕಾ ಇಂಗ್ಲಿಷಿನಲ್ಲೂ ಹೊಗಳುತ್ತಿರಲಿಲ್ಲ! ಯಾಕೆ ಎಂದು ಕೇಳಿದ್ದಕ್ಕೆ, “ಯಾರಿಗ್ಗೊತ್ತೋ, ಯಾವದಾರೆ ಒಂದ ದೃಷ್ಟಿ ಮ್ಯಾಟ್ರಿಕ್ ಪಾಸಾಗಿದ್ರ?” ಎಂದರು. ಮಗಳು ರಂಗೋಲಿ ಹಾಕಿದರೂ “ಹೂಂ”, ಬಹುಮಾನ ತಂದರೂ “ಹೂಂ”. ಶೋಭಾ ಒಮ್ಮೆ ನನ್ನೆದುರು, “ಅಣ್ಣಾ, ಅಪ್ಪಗ ನಾ ಎಮ್ಮಿಗಿಂತ ಕಡಿಮಿ ಅದೇನೇನೋ?” ಎಂದಳು. ನಗುತ್ತಲೇ ಅಂದಳು. ಆದರೆ ಆ ನಗು ಕಣ್ಣಿನವರೆಗೆ ಹೋಗಲಿಲ್ಲ, ನನಗೆ ಕೆಡುಕೆನಿಸಿತು.

ಹೀಗಿರುವಾಗ ತಿಕೋಟಾದಿಂದ ಅವಳಿಗೊಂದು ಸಂಬಂಧ ಬಂತು. ಬಬಲೇಶ್ವರದ ಒಂದು ಮದುವೆಯಲ್ಲಿ ಹುಡುಗ ಇವಳನ್ನು ನೋಡಿದ್ದ, ಇವಳೂ ಅವನನ್ನು ನೋಡಿದ್ದಳು. ನೋಡಿ ಬಂದಮೇಲೆ ಎರಡು ದಿನ ಅವಳು ಬಡಿದ ರೊಟ್ಟಿಗಳು ಸೀದಿದ್ದವು, ಅಂದಮೇಲೆ ಒಪ್ಪಿಗೆಯ ವಿಷಯ ಬೇರೆ ಕೇಳಬೇಕೇ? ಉಳಿದದ್ದು ಹುಡುಗನ ತಾಯಿ ಒಪ್ಪುವುದೊಂದೇ. ಆಕೆ ಮಾತುಕತೆಗೆಂದು ತನ್ನ ಅಣ್ಣನನ್ನು ಕರೆದುಕೊಂಡು ಬಂದಳು. ಗಂಡನನ್ನು ಕಳೆದುಕೊಂಡು, ತಾನೇ ನಿಂತು ಹೊಲಮನೆ ನಡೆಸಿದ ಗಟ್ಟಿ ಹೆಂಗಸು.

ಅವಲಕ್ಕಿ ಆಯಿತು, ಚಹಾ ಆಯಿತು. ಆಕೆ ಸೆರಗು ಸರಿಮಾಡಿಕೊಂಡು, “ಮಾಸ್ತರ, ನಿಮ್ಮ ಮಗಳು ಹ್ಯಾಂಗ ಅನ್ನೂದು ನೀವ ಒಂದ ಮಾತ ಹೇಳಿಬಿಡ್ರಿ” ಎಂದಳು.

ಕಾಕಾ ಬೆವೆತರು. ಮಗಳ ಮೇಲಿನ ಪ್ರೀತಿ ಒಳಗಿನಿಂದ ನೂಕುತ್ತಿದೆ, ದೃಷ್ಟಿಯ ಭಯ ಹೊರಗೆ ಬಾಗಿಲು ಹಾಕಿದೆ! ಕೊನೆಗೆ ಕಣ್ಣುಮುಚ್ಚಿ, “ಇಟ್ ಈಸ್ ಇಂಪಾರ್ಟೆಂಟ್... ಶೀ ಈಸ್ ಆಫ್ ಗ್ರೇಟ್ ವ್ಯಾಲ್ಯೂ!” ಎಂದರು. ಮ್ಯಾಟ್ರಿಕ್ ಪಾಸಾದ ದೃಷ್ಟಿ ಕೇಳಿದರೂ ಕೇಳಲಿ ಎಂದು ಅವರು ಅಂದಿನವರೆಗೆ ಮಾಡಿದ ದೊಡ್ಡ ಸಾಹಸ ಅದು.

ಆದರೆ ಆ ತಾಯಿಯ ಮುಖ ಕಪ್ಪಿಟ್ಟಿತು. “ನಮ್ಮ ಮನ್ಯಾರು ದವಾಖಾನ್ಯಾಗ ಇದ್ದಾಗ ಡಾಕ್ಟರು ಹಿಂಗ ನನ್ನೆದುರಿಗಿ ಇಂಗ್ಲಿಷ್ ಮಾತಾಡಿದ್ರು. ಹೇಳಬಾರದ್ದು ಇದ್ದಾಗಷ್ಟ ಮಂದಿ ಇಂಗ್ಲಿಷ್ ಮಾತಾಡ್ತಾರ್ರಿ. ಹುಡುಗೀಗಿ ಏನಾಗೇತಿ, ಖರೇ ಹೇಳ್ರಿ.”

ನಾನು ಗಾಬರಿಯಾಗಿ ಅರ್ಥ ಹೇಳಲು ಬಾಯಿ ತೆರೆದೆ. ಆಕೆ ಕೈ ಎತ್ತಿದಳು. “ನೀ ಸುಮ್ಕಿರಪಾ. ಹಡದ ಅಪ್ಪನ ಬಾಯಿಂದ ಬರಲಿ. ಬರೂದಿಲ್ಲಾ ಅಂದ್ರ ನಾವು ಹೋಗತೀವಿ.” ಎದ್ದೂ ನಿಂತಳು. ಅವಳಣ್ಣ ಚಪ್ಪಲಿ ಹುಡುಕತೊಡಗಿದ. ಒಳಬಾಗಿಲಿನ ಪರದೆಯ ಹಿಂದೆ ಶೋಭಾಳ ಬಳೆಗಳ ಸದ್ದು ನಿಂತೇಹೋಯಿತು.

ಕಾಕಾ ಆ ಪರದೆಯನ್ನು ನೋಡಿದರು. ಗಂಟಲು ಸರಿಮಾಡಿಕೊಂಡರು. ಕ್ಲಾಸಿನಲ್ಲಿ ಗುಡುಗುವ ದನಿ ಅಲ್ಲ ಅದು, ನಾನು ಅದನ್ನು ಮೊದಲು ಕೇಳಿರಲೇ ಇಲ್ಲ.

“ನನ್ನ ಮಗಳು ಛಲೋ ಹುಡುಗಿ ಅದಾಳ್ರಿ. ಭಾಳ ಛಲೋ. ಅಕಿ ರೊಟ್ಟಿ ಬಡಿಯೂ ಸಪ್ಪಳ ಕೇಳಿದ ಮ್ಯಾಲನ ನನಗ ಬೆಳಗಾಗತೈತಿ. ಅಕಿ ಒಂದಿನ ಮನ್ಯಾಗ ಇಲ್ಲಂದ್ರ ಈ ಮನಿ ಮನಿ ಅನಸೂದಿಲ್ರಿ. ಅಂಥಾ ಹುಡುಗೀನ ನಿಮಗ ಕೊಡಾಕತ್ತೇನಿ.”

ಪರದೆಯ ಹಿಂದಿನಿಂದ ಶೋಭಾ ಬಿಕ್ಕುವುದು ಕೇಳಿಸಿತು. ಮರುಕ್ಷಣವೇ ತಾವು ಎಂಥ ಅಪಾಯದ ಕೆಲಸ ಮಾಡಿಬಿಟ್ಟೆವೆಂದು ಕಾಕಾನಿಗೆ ಹೊಳೆಯಿತು ನೋಡಿ! ಧೋತರ ಎತ್ತಿಕಟ್ಟಿ ಅಡಿಗೆಮನೆಗೆ ಓಡಿದರು. ಡಬ್ಬಿಗಳು ಉರುಳಿದವು. ಮುಷ್ಟಿ ತುಂಬ ಉಪ್ಪು, ಒಣ ಮೆಣಸಿನಕಾಯಿ ಹಿಡಿದುಕೊಂಡು ಬಂದು, ಬೀಗರು ಎದುರಿಗಿದ್ದಾರೆಂಬ ಪರಿವೆಯೂ ಇಲ್ಲದೆ, ಮಗಳನ್ನು ನಡುಮನೆಗೆ ಎಳೆದು ನಿಲ್ಲಿಸಿ ದೃಷ್ಟಿ ತೆಗೆಯತೊಡಗಿದರು. ಹೆಂಗಸರು ಮಾಡುವ ಕೆಲಸ! “ಅಯ್ಯ, ನಾ ತಗೀತೇನಿ ಕೊಡ್ರಿ” ಎಂದು ಕಾಕು ಕೈ ಒಡ್ಡಿದರೂ ಕೊಡಲಿಲ್ಲ.

ತಿಕೋಟಾದ ತಾಯಿ ಇದನ್ನೆಲ್ಲ ನೋಡುತ್ತ ನಿಂತಿದ್ದಳು. ಈಗ ಅವಳಿಗೆ ಎಲ್ಲ ತಿಳಿಯಿತು. ಮೆಲ್ಲಗೆ ಹತ್ತಿರ ಬಂದು ಶೋಭಾಳ ಗಲ್ಲ ಹಿಡಿದಳು.

“ಇನ್ನೊಂದೀಟು ತಡೀರಿ ಮಾಸ್ತರ. ಹುಡುಗಿ ಲಕ್ಷ್ಮೀ ಇದ್ದಂಗ ಅದಾಳ. ಹಾಂ, ನನ್ನ ದೃಷ್ಟೀನೂ ಕೂಡಸಿ ಒಮ್ಮೆಲೆ ತಗದಬಿಡ್ರಿ.”

ಕಾಕಾ ಮತ್ತೊಮ್ಮೆ ಮೊದಲಿನಿಂದ ಮುಷ್ಟಿ ಸುತ್ತಿಸಿದರು. ಕಣ್ಣಿನಿಂದ ನೀರು ಗಲ್ಲದ ಮೇಲೆ ಇಳಿದು ಮೀಸೆಗೆ ಬಂದಿತ್ತು. ಶೋಭಾ ತನ್ನ ಸೆರಗಿನಿಂದ ಅದನ್ನು ಒರೆಸಲು ಹೋದಳು.

“ಏನಿಲ್ಲ ಬೇ, ಮೆಣಸಿನಕಾಯಿ ಘಾಟು” ಎಂದರು ಕಾಕಾ.

ಮೆಣಸಿನಕಾಯಿ ಇನ್ನೂ ಅವರ ಮುಷ್ಟಿಯಲ್ಲೇ ಇದ್ದವು. ಒಲೆಗೆ ಬಿದ್ದಿರಲಿಲ್ಲ.